ಮಣ್ಣಿಲ್ಲದೆ ಮನೆಯೊಳಗೆ ಟೊಮೆಟೊ

(ಯಡೂರಿನಲ್ಲಿ ಸೇರಿದ್ದ ತಾಯಂದಿರ ಸಭೆಯಲ್ಲಿ ಮಹಿಳಾ ಆರೋಗ್ಯ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ವೀರಭದ್ರ ದೇವರ ಸನ್ನಿಧಿಯಿಂದ ಹೆಸರಾದ ಈ ಊರಿಗೆ ನಾನು ಅನೇಕ ಸಲ ಬಂದಿದ್ದೇನೆ. ಚುಚ್ಚುಮದ್ದು ಹಾಕಿಸುವುದಕ್ಕೆ ಬಂದಿದ್ದೇನೆ, ಗರ್ಭಿಣಿಯರ ತಪಾಸಣೆಗೆ ಬಂದಿದ್ದೇನೆ. ಇಂದು ಎರಡು ಬಕೀಟುಗಳನ್ನು ಹೊತ್ತುಕೊಂಡು ಬಂದಿರುವುದನ್ನು ಕಂಡು ನಿಮ್ಮಲ್ಲಿ ಕೆಲವರು ನಕ್ಕಿರಿ. ನಗಬೇಕಾದ ಸಂಗತಿಯೇ. ಅವುಗಳಲ್ಲಿರುವುದು ಔಷಧವಲ್ಲ, ಟೊಮೆಟೊ ಗಿಡಗಳು. ಅವುಗಳ ಬುಡದಲ್ಲಿ ಒಂದು ಹಿಡಿಯಷ್ಟೂ ಮಣ್ಣಿಲ್ಲ.

ಈ ವಿಷಯವನ್ನು ನಾನೇ ಆರಿಸಿಕೊಂಡುದಲ್ಲ. ಇದನ್ನು ನನ್ನ ತಲೆಗೆ ಹಾಕಿದವಳು ಹೊಳೆಯ ದಂಡೆಯ ಒಬ್ಬ ಹೆಣ್ಣುಮಗಳು. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ ಉಕ್ಕಿ ಬಂದುದನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. 2005ರಲ್ಲಿಯೂ ನೋಡಿದ್ದಿರಿ, 2021ರ ಜುಲೈಯಲ್ಲಿ ಮತ್ತೊಮ್ಮೆ ನೋಡಿದಿರಿ. ಅತ್ತ ಮಹಾರಾಷ್ಟ್ರದಲ್ಲಿ ಮಳೆ ಹಿಡಿದು ಕೊಯ್ನಾ ಜಲಾಶಯದ ಬಾಗಿಲು ತೆರೆದರೆಂದರೆ ಇತ್ತ ಕಲ್ಲೋಳ-ಯಡೂರು ಸೇತುವೆ ಮುಳುಗುತ್ತದೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಆ ವರ್ಷ ಪರಿಹಾರ ಕೇಂದ್ರವೊಂದರಲ್ಲಿ ಏಳು ತಿಂಗಳ ಗರ್ಭಿಣಿಯೊಬ್ಬಳನ್ನು ಪರೀಕ್ಷಿಸುತ್ತಿದ್ದೆ. ಕಣ್ಣರೆಪ್ಪೆಯ ಒಳಭಾಗ ಬಿಳಿಚಿಕೊಂಡಿತ್ತು. ರಕ್ತದ ಹಿಮೋಗ್ಲೋಬಿನ್ ಎಂಟು ಗ್ರಾಮಿಗೆ ಇಳಿದಿತ್ತು. ಕಬ್ಬಿಣಾಂಶದ ಮಾತ್ರೆ ಕೊಟ್ಟು, ರೂಢಿಯಂತೆ, "ಹಸಿರು ಪಲ್ಯ, ಟೊಮೆಟೊ, ಲಿಂಬೆಹಣ್ಣು ತಿನ್ನವ್ವಾ" ಎಂದೆ. ಅವಳು ನನ್ನ ಮುಖವನ್ನೇ ನೋಡಿ ಹೇಳಿದಳು: "ಬಾಯಾರ, ಪಲ್ಯಾ ತಿನ್ನು ಅಂತೀರಿ. ನಮ್ಮ ಹಿತ್ತಲಾ ಹೊಳ್ಯಾಗ ಐತಿ. ಎಲ್ಲಿಂದ ತರಲಿ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕದಲ್ಲಿ ಓದಿದ ಉಪದೇಶ ಎಷ್ಟೋ ಸಲ ಹೀಗೆ ಬಾಗಿಲಲ್ಲಿಯೇ ನಿಂತುಬಿಡುತ್ತದೆ. ನೆರೆ ಇಳಿದ ಮೇಲೆಯೂ ಅವಳ ಮಾತು ನನ್ನನ್ನು ಬಿಡಲಿಲ್ಲ. ಹಿತ್ತಿಲಿಲ್ಲದವರು ನಮ್ಮಲ್ಲಿ ಅವಳೊಬ್ಬಳೇ ಅಲ್ಲ. ನಿಪ್ಪಾಣಿಯ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳಿವೆ. ಅಥಣಿ, ಕಾಗವಾಡ, ರಾಯಬಾಗಗಳ ಕಡೆ ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿ ಸವಳು-ಜವಳಾದ ನೆಲವಿದೆ. ಅಲ್ಲಿ ಹಿತ್ತಿಲಿದ್ದರೂ ಬೆಳ್ಳಗೆ ಉಪ್ಪು ಉಕ್ಕಿ ಕೊತ್ತಂಬರಿ ಕೂಡ ಏಳುವುದಿಲ್ಲ. ಇಂಥವರು ಮನೆಯೊಳಗೆ, ಪಡಸಾಲೆಯ ಒಂದು ಮೂಲೆಯಲ್ಲಿ ಏನನ್ನಾದರೂ ಬೆಳೆಯಬಹುದೆ ಎಂದು ಹುಡುಕುತ್ತ ಹೋದಾಗ ದೊರೆತದ್ದು ಈ ನೀರಿನ ಬೇಸಾಯ.

ಗಿಡಕ್ಕೆ ಮಣ್ಣು ಬೇಕೇ ಬೇಕೆಂಬ ನಂಬಿಕೆ ನಮ್ಮ ರಕ್ತದಲ್ಲಿಯೇ ಇದೆ. ಆದರೆ ಗಿಡವು ಮಣ್ಣನ್ನು ತಿನ್ನುವುದಿಲ್ಲ. ನೀರಿನಲ್ಲಿ ಕರಗಿದ ಲವಣಗಳನ್ನು ಬೇರಿನ ಮೂಲಕ ಹೀರುತ್ತದೆ, ಅಷ್ಟೇ. ಸಸ್ಯಕ್ಕೆ ಅವಶ್ಯಕವಾದ ಹದಿನೇಳು ಮೂಲವಸ್ತುಗಳಲ್ಲಿ ಮೂರು ಗಾಳಿ ಹಾಗೂ ನೀರಿನಿಂದಲೇ ದೊರೆಯುತ್ತವೆ. ಉಳಿದ ಹದಿನಾಲ್ಕನ್ನು ಸರಿಯಾದ ಪ್ರಮಾಣದಲ್ಲಿ ನೀರಿಗೆ ಕೂಡಿಸಿದರೆ ಮಣ್ಣಿನ ಕೆಲಸ ಮುಗಿಯಿತು. ಜರ್ಮನಿಯ ಸಾಕ್ಸ್ ಮತ್ತು ಕ್ನೋಪ್ ಎಂಬ ವಿಜ್ಞಾನಿಗಳು 1860ರ ದಶಕದಲ್ಲಿಯೇ ಇದನ್ನು ತೋರಿಸಿದರು. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಗೆರಿಕ್ ಎಂಬವರು ನೀರಿನ ತೊಟ್ಟಿಗಳಲ್ಲಿ ಆಳೆತ್ತರವನ್ನು ಮೀರಿದ ಟೊಮೆಟೊ ಬಳ್ಳಿಗಳನ್ನು ಬೆಳೆಸಿ, 1937ರಲ್ಲಿ ಈ ಪದ್ಧತಿಗೆ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು. ನಮ್ಮ ದೇಶದಲ್ಲಿ 1946ರಲ್ಲಿ ಬಂಗಾಳದ ಕಾಲಿಂಪಾಂಗ್ ಬೆಟ್ಟದಲ್ಲಿ ಶೋಲ್ಟೊ ಡಗ್ಲಸ್ ಎಂಬವರು ಬಡವರ ಕೈಗೆಟುಕುವ ಸಾಮಗ್ರಿಯಿಂದ ಪ್ರಯೋಗಗಳನ್ನು ನಡೆಸಿದರು. ನಮ್ಮ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ತೆಂಗಿನ ನಾರಿನ ಪುಡಿಯಲ್ಲಿ ಮಣ್ಣಿಲ್ಲದೆ ತರಕಾರಿ ಬೆಳೆಯುವ ವಿಧಾನವನ್ನು ರೂಪಿಸಿದೆ. ಅದಕ್ಕೆಂದೇ ಅರ್ಕ ಸಸ್ಯ ಪೋಷಕ ರಸ ಎಂಬ ದ್ರವಗೊಬ್ಬರವನ್ನು ಹೊರತಂದಿದೆ. ಆದುದರಿಂದ ಇದು ಹುಚ್ಚಾಟವೆಂದು ತಿಳಿಯಬೇಡಿರಿ.

ಹಾಗೆಂದು ಇದು ಪವಾಡವೂ ಅಲ್ಲ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ನನ್ನ ಕರ್ತವ್ಯ. ಹಿತ್ತಿಲಿನಲ್ಲಿ ಒಳ್ಳೆಯ ನೆಲವೂ ಬಿಸಿಲೂ ಇದ್ದವರು ಬಕೀಟಿನ ಗೊಡವೆಗೆ ಹೋಗಬೇಡಿರಿ. ನೆಲದಲ್ಲಿ ನಾಲ್ಕು ಗಿಡ ನೆಟ್ಟು ಮೇಲೆ ನುಗ್ಗೆಯದೊಂದು ಕೊಂಬೆ ಊರಿರಿ, ಸಾಕು. ನಾನು ಹೇಳುವುದು ನೆಲವಿಲ್ಲದವರಿಗೆ.

ಇನ್ನು ಟೊಮೆಟೊ ಏತಕ್ಕೆ ಎಂದು ಕೇಳುವಿರಿ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ಇದೆ. ನಾವು ತಿನ್ನುವ ಜೋಳದ ರೊಟ್ಟಿ, ಬೇಳೆ, ಮೆಂತ್ಯ ಪಲ್ಯ ಇವುಗಳಲ್ಲಿ ಕಬ್ಬಿಣವಿಲ್ಲವೆಂದಲ್ಲ. ಇದೆ, ಆದರೆ ಧಾನ್ಯ-ಸೊಪ್ಪಿನ ಕಬ್ಬಿಣ ಕರುಳಿನಲ್ಲಿ ಸುಲಭವಾಗಿ ಹೀರಿಕೆಯಾಗುವುದಿಲ್ಲ. ಅದೇ ಊಟದೊಡನೆ 'ಸಿ' ಜೀವಸತ್ವವುಳ್ಳ ಏನಾದರೊಂದು ಇದ್ದರೆ ಹೀರಿಕೆ ಹೆಚ್ಚುತ್ತದೆ. ನೂರು ಗ್ರಾಂ ಹಣ್ಣಾದ ಟೊಮೆಟೊದಲ್ಲಿ ಸುಮಾರು ಇಪ್ಪತ್ತರಿಂದ ಇಪ್ಪತ್ತೇಳು ಮಿಲಿಗ್ರಾಂ 'ಸಿ' ಜೀವಸತ್ವವಿರುತ್ತದೆ. ನೆಲ್ಲಿಕಾಯಿ, ಪೇರಲಹಣ್ಣುಗಳ ಮುಂದೆ ಇದು ಬಹಳವೇನೂ ಅಲ್ಲ. ಆದರೆ ಪೇರಲ ಗಿಡ ಬಕೀಟಿನಲ್ಲಿ ಫಲ ಕೊಡುವುದಿಲ್ಲ, ಮತ್ತು ಟೊಮೆಟೊವನ್ನು ಉಣ್ಣದ ಮನೆಯಿಲ್ಲ.

ಇಲ್ಲಿ ನಮ್ಮ ಅಡುಗೆಯ ಒಂದು ರೂಢಿಯನ್ನು ತಿದ್ದಿಕೊಳ್ಳಬೇಕು. ಟೊಮೆಟೊವನ್ನು ಬೇಳೆಯೊಡನೆ ಗಳಿಗೆಗಟ್ಟಲೆ ಕುದಿಸಿದರೆ 'ಸಿ' ಜೀವಸತ್ವದ ಬಹುಭಾಗ ನಾಶವಾಗುತ್ತದೆ. ಎರಡು ಹಣ್ಣನ್ನು ಹಸಿಯಾಗಿಯೇ ಹೆಚ್ಚಿ, ಈರುಳ್ಳಿ ಕೂಡಿಸಿ, ಮೇಲೆ ಶೇಂಗಾಪುಡಿ ಉದುರಿಸಿ ಪಚಡಿ ಮಾಡಿ ರೊಟ್ಟಿಯ ಬದಿಗೆ ಇಟ್ಟುಕೊಳ್ಳಿರಿ. ಊಟವಾದೊಡನೆ ಚಹಾ ಕುಡಿಯುವ ಚಟವನ್ನು ಒಂದು ತಾಸು ಮುಂದಕ್ಕೆ ಹಾಕಿರಿ. ಚಹಾದಲ್ಲಿರುವ ಒಗರು ವಸ್ತು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕಬ್ಬಿಣದ ಮಾತ್ರೆಯನ್ನೂ ಚಹಾದೊಡನೆ ನುಂಗಬಾರದು. ಗರ್ಭಿಣಿಗೆ ನಾವು ಕೊಡುವ ಮಾತ್ರೆಯಲ್ಲಿ ಅರವತ್ತು ಮಿಲಿಗ್ರಾಂ ಕಬ್ಬಿಣವಿರುತ್ತದೆ. ನಾಲ್ಕನೆಯ ತಿಂಗಳಿನಿಂದ ನೂರಾಎಂಬತ್ತು ದಿನ, ಹೆರಿಗೆಯ ನಂತರ ಇನ್ನೂ ನೂರಾಎಂಬತ್ತು ದಿನ ಅದನ್ನು ತೆಗೆದುಕೊಳ್ಳತಕ್ಕದ್ದು. ಬಕೀಟಿನ ತುಂಬ ಟೊಮೆಟೊ ಬಿಟ್ಟಿತೆಂದು ಮಾತ್ರೆ ಬಿಡುವ ಹಾಗಿಲ್ಲ. ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿಳಿದವಳಿಗೆ ಟೊಮೆಟೊ ಅಲ್ಲ, ಆಸ್ಪತ್ರೆ ಬೇಕು.

ಈಗ ಬಕೀಟಿನ ವಿಷಯಕ್ಕೆ ಬರೋಣ. ಹದಿನೈದರಿಂದ ಇಪ್ಪತ್ತು ಲೀಟರ್ ಹಿಡಿಯುವ, ಬಿಗಿಯಾದ ಮುಚ್ಚಳವಿರುವ ಬಕೀಟು ಬೇಕು. ಸುಣ್ಣ-ಬಣ್ಣದವರು ಬಳಸಿ ಬಿಟ್ಟ ಡಬ್ಬಿಯಾದರೂ ಆದೀತು, ಚೆನ್ನಾಗಿ ತಿಕ್ಕಿ ತೊಳೆದಿರಬೇಕು. ಔಷಧ ಹೊಡೆಯುವ, ಕೀಟನಾಶಕ ತುಂಬಿದ್ದ ಡಬ್ಬಿ ಎಷ್ಟು ತೊಳೆದರೂ ಬೇಡ. ಪಾತ್ರೆಯೊಳಗೆ ಬೆಳಕು ಹೋಗಬಾರದು. ನಾನು ಮೊದಲ ಸಲ ಪಾರದರ್ಶಕ ಡಬ್ಬಿಯಲ್ಲಿ ನೆಟ್ಟೆ, ಬೇರು ಬೆಳೆಯುವುದನ್ನು ನೋಡಬೇಕೆಂಬ ಆಸೆಯಿಂದ; ಹದಿನೈದು ದಿನಗಳಲ್ಲಿ ನೀರೆಲ್ಲ ಪಾಚಿಗಟ್ಟಿ ಹಸಿರಾಯಿತು, ಬೇರು ಕಂದಿತು. ಬಣ್ಣ ಬಳಿಯಿರಿ ಅಥವಾ ಗೋಣಿಚೀಲ ಸುತ್ತಿರಿ. ಮುಚ್ಚಳದ ನಡುವೆ ಚಹಾ ಲೋಟ ಕೂರುವಷ್ಟು ಒಂದು ತೂತು. ಲೋಟದ ತಳಕ್ಕೂ ಬದಿಗೂ ಕಾಯಿಸಿದ ಮೊಳೆಯಿಂದ ಹತ್ತಾರು ತೂತು. ಅದರಲ್ಲಿ ತೊಳೆದ ತೆಂಗಿನ ನಾರಿನ ಪುಡಿ ತುಂಬಿ ಸಸಿಯನ್ನು ಕೂರಿಸಿರಿ. ಪುಡಿಯನ್ನು ಎರಡು ಮೂರು ಸಲ ತೊಳೆಯದಿದ್ದರೆ ಅದರಲ್ಲಿರುವ ಉಪ್ಪು ಎಳೆಯ ಬೇರನ್ನು ಸುಡುತ್ತದೆ.

ಇದರ ಗುಟ್ಟು ಇರುವುದು ನೀರಿನ ಮಟ್ಟದಲ್ಲಿ. ಬೇರಿಗೆ ನೀರು ಬೇಕಾದಷ್ಟೇ ಉಸಿರಾಟವೂ ಬೇಕು. ಸಸಿ ನೆಟ್ಟ ದಿನ ನೀರು ಲೋಟದ ತಳಕ್ಕೆ ತಾಗುವಂತಿರಲಿ. ಗಿಡ ಕುಡಿದಂತೆ ಮಟ್ಟ ಕೆಳಗಿಳಿಯುತ್ತದೆ. ಮೇಲಿನ ಬೇರುಗಳು ಮುಚ್ಚಳದ ಕೆಳಗಿನ ತೇವದ ಗಾಳಿಯಲ್ಲಿ ಉಸಿರಾಡಲು ಕಲಿಯುತ್ತವೆ, ಕೆಳಗಿನ ಬೇರುಗಳು ನೀರಿನಲ್ಲಿರುತ್ತವೆ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಎಂಬವರು ಪ್ರಚಾರಕ್ಕೆ ತಂದ ಈ ಕ್ರಮದಲ್ಲಿ ವಿದ್ಯುತ್ ಪಂಪು ಬೇಕಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳ ಕೈ ಸುಮ್ಮನಿರುವುದಿಲ್ಲ. ಕೊಡದಲ್ಲಿ ನೀರು ಕಡಿಮೆ ಕಂಡರೆ ಕಂಠದವರೆಗೆ ತುಂಬಿಸುವುದೇ ನಮ್ಮ ಸ್ವಭಾವ. ಇಲ್ಲಿ ಹಾಗೆ ತುಂಬಿಸಿದರೆ ಗಾಳಿಗೆ ಹೊಂದಿಕೊಂಡ ಬೇರುಗಳು ಮುಳುಗಿ ಕೊಳೆಯುತ್ತವೆ, ಎರಡು ದಿನದಲ್ಲಿ ಗಿಡ ಬಾಡುತ್ತದೆ. ಬಾಡಿತೆಂದು ಮತ್ತೆ ನೀರು ಹಾಕುತ್ತೇವೆ! ಕಾಯಿ ಕಟ್ಟುವ ಕಾಲದಲ್ಲಿ ದೊಡ್ಡ ಗಿಡವೊಂದು ದಿನಕ್ಕೆ ಒಂದೆರಡು ಲೀಟರ್ ಕುಡಿಯುತ್ತದೆ. ಆಗ ನೀರು ತುಂಬಲೇಬೇಕು, ಆದರೆ ಅರ್ಧ ಬಕೀಟಿನವರೆಗೆ ಮಾತ್ರ. ಮೇಲಿನ ಒಂದು ಗೇಣು ಸದಾ ಬರಿದಾಗಿರಲಿ.

ಗೊಬ್ಬರದ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಕಬ್ಬಿನ ಮನೆಗಳಲ್ಲಿ ಯೂರಿಯಾ ಚೀಲ ಇದ್ದೇ ಇರುತ್ತದೆ. ಒಂದು ಚಮಚೆ ಹಾಕಿದರೇನಾಯಿತು ಎನ್ನುವಿರಿ. ಯೂರಿಯಾ ಗಿಡಕ್ಕೆ ಒದಗಬೇಕಾದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮಾರ್ಪಡಿಸಬೇಕು. ಬಕೀಟಿನ ನೀರಿನಲ್ಲಿ ಅವು ಸಾಕಷ್ಟಿರುವುದಿಲ್ಲ. ಸೆಗಣಿ ನೀರೂ ಬೇಡ, ನಾತವೂ ರೋಗಾಣುಗಳೂ ಮನೆಯೊಳಗೆ ಬರುತ್ತವೆ. ಮಣ್ಣಿಲ್ಲದ ಬೇಸಾಯಕ್ಕೆಂದೇ ತಯಾರಾದ, ಎರಡು ಭಾಗಗಳಲ್ಲಿ ಬರುವ ಲವಣ ಮಿಶ್ರಣವನ್ನು ಕೊಂಡುಕೊಳ್ಳುವುದು ಲೇಸು. ಆ ಎರಡು ಭಾಗಗಳನ್ನು ನೀರಿಲ್ಲದೆ ಒಂದಕ್ಕೊಂದು ಕೂಡಿಸಬಾರದು. ಒಂದರಲ್ಲಿ ಸುಣ್ಣದ ಅಂಶವಿರುತ್ತದೆ, ಇನ್ನೊಂದರಲ್ಲಿ ರಂಜಕ ಮತ್ತು ಗಂಧಕದ ಲವಣಗಳು. ಗಟ್ಟಿಯಾಗಿ ಕೂಡಿಸಿದರೆ ಬಿಳಿಯ ಗಸಿಯಾಗಿ ತಳಕ್ಕೆ ಕೂರುತ್ತವೆ, ಗಿಡಕ್ಕೆ ಎರಡೂ ಸಿಗುವುದಿಲ್ಲ. ಬಕೀಟಿನ ತುಂಬ ನೀರಿಗೆ ಒಂದನ್ನು ಹಾಕಿ ಕಲಸಿ, ಆ ಮೇಲೆ ಎರಡನೆಯದನ್ನು ಹಾಕಿರಿ. ಸುಣ್ಣದ ಅಂಶ ಬೇರಿಗೆ ತಪ್ಪಿದರೆ, ಅಥವಾ ನೀರು ಒಮ್ಮೆ ಬತ್ತಿ ಒಮ್ಮೆ ಉಕ್ಕಿದರೆ, ಹಣ್ಣಿನ ತಳ ಕಪ್ಪಗೆ ಚಪ್ಪಟೆಯಾಗಿ ಕೊಳೆಯುತ್ತದೆ. ಅದನ್ನು ದೃಷ್ಟಿ ತಾಗಿತೆಂದು ತಿಳಿದು ಮೆಣಸಿನಕಾಯಿ ಸುಟ್ಟವರನ್ನೂ ಕಂಡಿದ್ದೇನೆ.

ನಮ್ಮ ಕೊಳವೆ ಬಾವಿಗಳ ನೀರು ಗಡಸು, ಕ್ಷಾರದ್ದು. ಟೊಮೆಟೊಕ್ಕೆ ಬೇಕಾದುದು ಸ್ವಲ್ಪ ಹುಳಿಯ ಕಡೆಗಿರುವ ನೀರು, ಪಿ.ಎಚ್. ಐದೂವರೆಯಿಂದ ಆರೂವರೆ. ಬಣ್ಣ ಬದಲಿಸುವ ಕಾಗದದ ಪಟ್ಟಿಯಿಂದ ಇದನ್ನು ನೋಡಬಹುದು. ಮಾಳಿಗೆಯಿಂದ ಬೀಳುವ ಮಳೆನೀರನ್ನು, ಮೊದಲ ಮಳೆಯನ್ನು ಬಿಟ್ಟು, ಹಿಡಿದು ಮುಚ್ಚಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಬೆಳಕಿನ ಮಾತು. ಮನೆಯೊಳಗೆ ಬೆಳೆಯುತ್ತೇವೆ ಎನ್ನುವವರು ಸೋಲುವುದು ಇಲ್ಲಿಯೇ. ಟೊಮೆಟೊ ಬಿಸಿಲಿನ ಗಿಡ, ದಿನಕ್ಕೆ ಆರೆಂಟು ತಾಸು ನೇರ ಬಿಸಿಲು ಬೇಡುತ್ತದೆ. ಹಳೆಯ ಮನೆಗಳ ಬೆಳಕಿಂಡಿಯಿಂದ ಬೀಳುವ ಬೆಳಕು ನಮ್ಮ ಕಣ್ಣಿಗೆ ಸಾಕಾದೀತು, ಗಿಡದ ಹೊಟ್ಟೆಗೆ ಸಾಲದು. ಅಲ್ಲಿಟ್ಟ ಗಿಡ ಸಣಕಲಾಗಿ ಉದ್ದಕ್ಕೆ ಹೋಗುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಮೂಡಣ ಅಥವಾ ದಕ್ಷಿಣ ದಿಕ್ಕಿನ ಕಿಟಕಿಯ ಬಳಿ, ಪಡಸಾಲೆಯ ಅಂಚಿನಲ್ಲಿ, ಮಾಳಿಗೆಯ ಮೇಲೆ ಇಡುವುದು ಉತ್ತಮ. ಅದೂ ಇಲ್ಲದವರು ಎಲ್‌ಇಡಿ ದೀಪ ಹಾಕಬೇಕಾಗುತ್ತದೆ, ದಿನಕ್ಕೆ ಹದಿನಾಲ್ಕು ತಾಸು. ರಾತ್ರಿ ಗಿಡಕ್ಕೂ ಕತ್ತಲೆ ಬೇಕು. ಮೂವತ್ತು ವ್ಯಾಟಿನ ದೀಪ ಹದಿನಾಲ್ಕು ತಾಸು ಉರಿದರೆ ತಿಂಗಳಿಗೆ ಹನ್ನೆರಡು ಹದಿಮೂರು ಯೂನಿಟ್ ಆಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಲೆಕ್ಕ ನಿಮ್ಮ ಹಿಂದಿನ ಸರಾಸರಿ ಬಳಕೆಯನ್ನು ಅವಲಂಬಿಸಿದೆ ಎಂಬುದನ್ನು ನೆನಪಿನಲ್ಲಿಟ್ಟು, ಬಿಲ್ಲು ನೋಡಿ ನಿರ್ಧಾರ ಮಾಡಿರಿ. ಅಂತಹ ದೀಪದ ಕೆಳಗೆ ಗಿಡ್ಡ ತಳಿಯ ಸಣ್ಣ ಹಣ್ಣಿನ ಟೊಮೆಟೊ ಮಾತ್ರ ಸರಿಹೋಗುತ್ತದೆ. ಕೇವಲ ದೀಪದ ಬೆಳಕಿನಲ್ಲಿ ಬೆಳೆದ ಟೊಮೆಟೊ ಸಂತೆಯ ಟೊಮೆಟೊಗಿಂತ ಅಗ್ಗವಾಗುವುದಿಲ್ಲ. ಅಗ್ಗವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಒಳ್ಳೆಯ ಬಿಸಿಲು ದೊರೆತ ಬಕೀಟಿನ ಗಿಡವಾದರೆ ಎರಡು ಮೂರು ಕಿಲೋ ಹಣ್ಣನ್ನು ಕೊಡಬಹುದು.

ತಳಿಗಳಲ್ಲಿ ಹೆಸರಘಟ್ಟದ ಅರ್ಕ ರಕ್ಷಕ್ ಎಲೆ ಮುಟುರು, ಸೊರಗು, ಎಲೆಚುಕ್ಕೆ ಅಂಗಮಾರಿ ಈ ಮೂರು ರೋಗಗಳನ್ನು ತಡೆಯುವಂಥದು. ಅದು ಸಂಕರ ತಳಿಯಾದುದರಿಂದ ಹಣ್ಣಿನ ಬೀಜವನ್ನು ಮುಂದಿನ ವರ್ಷಕ್ಕೆ ಇಡುವುದರಲ್ಲಿ ಅರ್ಥವಿಲ್ಲ. ಗಣೇಶ ಚೌತಿಯ ಸುಮಾರಿಗೆ ಬೀಜ ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಸಸಿ ಬಕೀಟಿಗೆ ಬರುತ್ತದೆ, ದೀಪಾವಳಿಯ ಹೊತ್ತಿಗೆ ಹೂವು, ಎಳ್ಳಮಾಸೆಗೆ ಹಣ್ಣು. ಬೇಸಿಗೆಯ ಗೊಡವೆ ಬೇಡ. ಹಗಲಿನ ಉಷ್ಣತೆ ಮೂವತ್ತೈದು ಡಿಗ್ರಿ ದಾಟಿದರೆ ಹೂವು ಕಾಯಿ ಕಟ್ಟದೆ ಉದುರುತ್ತದೆ. ನಮ್ಮ ಏಪ್ರಿಲ್-ಮೇ ಹೇಗಿರುತ್ತದೆಂದು ನಿಮಗೆ ಗೊತ್ತು. ಮನೆಯೊಳಗೆ ಗಾಳಿಯಿಲ್ಲ, ಜೇನಿಲ್ಲ. ಆದುದರಿಂದ ಹೂ ಅರಳಿದ ದಿನಗಳಲ್ಲಿ ಹೊತ್ತೇರಿದ ಮೇಲೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ಚಿಮ್ಮಿರಿ. ಪರಾಗ ಅದೇ ಹೂವಿನ ಒಳಗೆ ಉದುರಿದರೆ ಸಾಕು, ಕಾಯಿ ನಿಲ್ಲುತ್ತದೆ. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಮರೆಯುವುದಿಲ್ಲ.

ನಮ್ಮ ಸೀಮೆಗೇ ವಿಶೇಷವಾದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಿಪ್ಪಾಣಿಯ ಸುತ್ತ ತಂಬಾಕಿದೆ, ಮನೆಮನೆಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿದ್ದಾರೆ. ತಂಬಾಕು ಮತ್ತು ಟೊಮೆಟೊ ಒಂದೇ ಕುಲದ ಸಸ್ಯಗಳು. ತಂಬಾಕಿನ ಎಲೆಯನ್ನು ಕಾಡುವ ಮೊಸಾಯಿಕ್ ಎಂಬ ನಂಜುರೋಗದ ವಿಷಾಣು ಒಣಗಿಸಿ ಹದ ಮಾಡಿದ ತಂಬಾಕಿನಲ್ಲಿಯೂ ವರ್ಷಗಟ್ಟಲೆ ಜೀವದಿಂದಿರಬಲ್ಲದು. ಬೀಡಿ ಕಟ್ಟಿದ ಕೈಯಿಂದಲೇ ಟೊಮೆಟೊದ ಚಿಗುರು ಚಿವುಟಿದರೆ ಅದು ಗಿಡಕ್ಕೆ ದಾಟುತ್ತದೆ. ಎಲೆಯ ಮೇಲೆ ಹಳದಿ-ಹಸಿರು ಮಚ್ಚೆಗಳೆದ್ದು ಗಿಡ ಮುದುಡುತ್ತದೆ, ಅದಕ್ಕೆ ಔಷಧವಿಲ್ಲ. ಸಾಬೂನಿನಿಂದ ಕೈ ತೊಳೆದ ಹೊರತು ಗಿಡವನ್ನು ಮುಟ್ಟಬಾರದು. ಗಿಡಕ್ಕೇ ಇಷ್ಟು ಎಚ್ಚರಿಕೆ ಬೇಕಾದರೆ ಅದೇ ಕೈಯಿಂದ ತೊಟ್ಟಿಲ ಕೂಸನ್ನು ಎತ್ತುವಾಗ ಎಷ್ಟು ಬೇಕು, ನೀವೇ ಯೋಚಿಸಿರಿ. ಇನ್ನು ಮಿಸ್ರಿ. ಹಲ್ಲುಜ್ಜುವ ನೆವದಲ್ಲಿ ಸುಟ್ಟ ತಂಬಾಕಿನ ಪುಡಿಯನ್ನು ದಿನಕ್ಕೆ ನಾಲ್ಕು ಸಲ ಒಸಡಿಗೆ ಹಚ್ಚುವ ಗರ್ಭಿಣಿಯರು ಈ ಸಭೆಯಲ್ಲಿಯೂ ಇರಬಹುದು. ನಾನು ಯಾರನ್ನೂ ಬೊಟ್ಟು ಮಾಡಿ ತೋರಿಸುವುದಿಲ್ಲ. ಹೊಟ್ಟೆಯಲ್ಲಿರುವಾಗ ತಾಯಿ ತಂಬಾಕು ಬಳಸಿದರೆ ಕೂಸು ತೂಕ ಕಡಿಮೆಯಾಗಿ ಹುಟ್ಟುತ್ತದೆ. ಮಿಸ್ರಿ ಹಚ್ಚುತ್ತ ಟೊಮೆಟೊ ತಿನ್ನುವುದು ಒಂದು ಕಡೆ ಬಾವಿ ತೋಡಿ ಇನ್ನೊಂದು ಕಡೆ ಮುಚ್ಚಿದಂತೆ.

ಇನ್ನು ನಾನು ನಾಚಿಕೆಯಿಂದ ಹೇಳಬೇಕಾದ ಸಂಗತಿ. ಊರೂರು ತಿರುಗಿ, ನೀರು ತುಂಬಿದ ಪಾತ್ರೆಗಳನ್ನು ಮುಚ್ಚಿರಿ, ವಾರಕ್ಕೊಮ್ಮೆ ಬರಿದು ಮಾಡಿ ಒಣಗಿಸಿರಿ ಎಂದು ಡೆಂಗೀ ಜ್ವರದ ಪಾಠ ಹೇಳುವವಳು ನಾನು. ಒಂದು ದಿನ ನನ್ನದೇ ಬಕೀಟಿನ ಮುಚ್ಚಳ ತೆಗೆದು ನೋಡುತ್ತೇನೆ, ನೀರಿನಲ್ಲಿ ಸೊಳ್ಳೆಯ ಮರಿಗಳು ಕುಣಿಯುತ್ತಿವೆ. ಲೋಟಕ್ಕೂ ಮುಚ್ಚಳಕ್ಕೂ ನಡುವೆ ಕಿರುಬೆರಳು ತೂರುವಷ್ಟು ಸಂದಿ ಇತ್ತು, ಅಷ್ಟು ಸಾಕಾಗಿತ್ತು. ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಏನೂ ಅನ್ನಲಿಲ್ಲ. ಅವಳ ಮುಖದಲ್ಲಿಯೇ ಎಲ್ಲ ಇತ್ತು. ಡೆಂಗೀ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಮನೆಯ ಒಳಗಿನ ನಿಂತ ನೀರನ್ನೇ ಬಯಸುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಅದಕ್ಕೆ ಎಂಟು ಹತ್ತು ದಿನ ಸಾಕು. ಆದುದರಿಂದ ಲೋಟದ ಸುತ್ತಲಿನ ಸಂದಿಯನ್ನು ನಾರಿನಿಂದಲೋ ಬಟ್ಟೆಯಿಂದಲೋ ಬಿಗಿಯಾಗಿ ತುಂಬಿರಿ. ನೀರು ಹಾಕುವ ತೂತು ಬೇರೆ ಇದ್ದರೆ ಅದಕ್ಕೆ ಬಿರಡೆ ಹಾಕಿರಿ. ಪ್ರತಿ ಶುಕ್ರವಾರವೋ ಸೋಮವಾರವೋ, ಮನೆಯಲ್ಲಿ ಪೂಜೆಗೆ ಗೊತ್ತಾದ ದಿನ ಯಾವುದೋ ಅಂದು, ಮುಚ್ಚಳ ತೆಗೆದು ನೋಡತಕ್ಕದ್ದು. ಮರಿ ಕಂಡರೆ ನೀರನ್ನೆಲ್ಲ ಒಣ ನೆಲಕ್ಕೆ ಚೆಲ್ಲಿ, ಬಕೀಟಿನ ಒಳಗೋಡೆಯನ್ನು ತಿಕ್ಕಿ, ಹೊಸ ದ್ರಾವಣ ತುಂಬಬೇಕು. ಒಳಗೋಡೆಗೆ ಅಂಟಿದ ಈಡಿಸ್ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.

ಈ ದ್ರಾವಣ ನೋಡುವುದಕ್ಕೆ ನೀರಿನಂತೆಯೇ ಇರುತ್ತದೆ. ಅಪಾಯ ಅಲ್ಲಿಯೇ ಇದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ ನಲವತ್ತೈದು ಮಿಲಿಗ್ರಾಂ ನೈಟ್ರೇಟ್ ಮೀರಬಾರದೆಂದು ನಮ್ಮ ದೇಶದ ಮಾನದಂಡ. ಗಿಡದ ದ್ರಾವಣದಲ್ಲಿ ಅದರ ಹತ್ತು ಪಟ್ಟಿಗಿಂತಲೂ ಹೆಚ್ಚು ಇರುತ್ತದೆ. ಅಂತಹ ನೀರಿನಲ್ಲಿ ಹಾಲಿನ ಪುಡಿ ಕಲಸಿ ಎಳೆಗೂಸಿಗೆ ಕುಡಿಸಿದರೆ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿ ಕಳೆದುಕೊಂಡು ಕೂಸು ನೀಲಿಗಟ್ಟುತ್ತದೆ, ಜೀವಕ್ಕೂ ಅಪಾಯ. ಆರು ತಿಂಗಳವರೆಗೆ ತಾಯಿಯ ಹಾಲಿನ ಹೊರತು ಹನಿ ನೀರೂ ಬೇಡ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ. ದ್ರಾವಣವನ್ನು ಕುಡಿಯುವ ನೀರಿನ ಕೊಡದ ಬಳಿ ಇಡಬೇಡಿರಿ. ತಂಪು ಪಾನೀಯದ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿರಿ. ಅದನ್ನು ಅಳೆದ ಚಮಚೆ ಮತ್ತೆ ಅಡುಗೆಮನೆಗೆ ಹೋಗಕೂಡದು. ಹಳೆಯ ದ್ರಾವಣವನ್ನು ಬಾವಿಯ ದಂಡೆಯಲ್ಲಿ ಚೆಲ್ಲದೆ ಬಾಳೆಯ ಬುಡಕ್ಕೋ ಕಬ್ಬಿಗೋ ಹಾಕಿರಿ. ವಿದ್ಯುತ್ ದೀಪ ಹಾಕಿದವರು ತಂತಿ ಬಕೀಟಿನ ನೀರಿಗೆ ತಾಗದಂತೆ, ಒದ್ದೆ ಕೈ ಸ್ವಿಚ್ಚಿಗೆ ತಾಗದಂತೆ ನೋಡಿಕೊಳ್ಳಬೇಕು. ಟೊಮೆಟೊದ ಎಲೆಯಲ್ಲಿ ನಂಜಿನ ಅಂಶವಿರುವುದರಿಂದ ತೆವಳುವ ಕೂಸಿಗೆ ಅದು ಎಟುಕಬಾರದು.

ಇಷ್ಟೆಲ್ಲ ಕೇಳಿದ ಮೇಲೆ, ಪರಿಹಾರ ಕೇಂದ್ರದ ಆ ಹೆಣ್ಣುಮಗಳಿಗೆ ಇದರಿಂದ ಏನು ಪ್ರಯೋಜನವಾಗುತ್ತಿತ್ತು ಎಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ, ಕೇಳಬೇಕಾದುದೇ. ಬೀಜದಿಂದ ಹಣ್ಣಿಗೆ ಮೂರು ಮೂರೂವರೆ ತಿಂಗಳು. ನೆರೆ ಬಂದ ರಾತ್ರಿ ಕೂಸು, ದನ, ಕಾಗದಪತ್ರ ಬಿಟ್ಟು ಬಕೀಟು ಹೊರುವವರಾರು? ಏಳು ತಿಂಗಳ ಗರ್ಭಿಣಿಗೆ ನಾನು ಟೊಮೆಟೊ ಬೀಜ ಕೊಟ್ಟಿದ್ದರೆ ಹಣ್ಣು ಬರುವ ಮೊದಲೇ ಅವಳಿಗೆ ಹೆರಿಗೆಯಾಗುತ್ತಿತ್ತು. ಅವಳಿಗೆ ಅಂದು ನಾನು ಹೇಳಬಹುದಾಗಿದ್ದುದು ಬೇರೆ. ಅದನ್ನು ಹೇಳಲು ನನಗೆ ಅಂದು ಹೊಳೆಯಲಿಲ್ಲ.

ಮಣ್ಣಿಲ್ಲದ ಬೇಸಾಯ ನಮ್ಮ ಅಜ್ಜಿಯರಿಗೆ ಹೊಸದಲ್ಲ. ಹೆಸರುಕಾಳು, ಮಡಕಿಕಾಳುಗಳನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಉಸಳಿ ಮಾಡುವುದೂ ಮಣ್ಣಿಲ್ಲದ ಬೇಸಾಯವೇ. ಒಣ ಕಾಳಿನಲ್ಲಿ 'ಸಿ' ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆಯೊಡೆಯುವಾಗ ಅದು ಹುಟ್ಟುತ್ತದೆ. ಎರಡು ದಿನದ ಕೆಲಸ. ಒಂದು ತಾಟಿನಲ್ಲಿ ಒದ್ದೆಬಟ್ಟೆ ಹಾಸಿ ನೆನೆಸಿದ ಮೆಂತ್ಯಕಾಳು ಹರಡಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿ ಕಿಟಕಿಯ ಬಳಿ ಇಟ್ಟರೆ ಏಳೆಂಟು ದಿನದಲ್ಲಿ ನಾಲ್ಕು ಬೆರಳು ಎತ್ತರದ ಎಳೆ ಮೆಂತ್ಯ ಕತ್ತರಿಸಲು ಸಿದ್ಧ. ಇದಕ್ಕೆ ಲವಣವೂ ಬೇಡ, ದೀಪವೂ ಬೇಡ. ಶಾಲೆಯ ಕೋಣೆಯಲ್ಲಿ, ಪರಿಹಾರ ಕೇಂದ್ರದ ಕಿಟಕಿಯಲ್ಲಿ ಇದು ಆಗುತ್ತದೆ. ಗರ್ಭಿಣಿಯರು ಮಾತ್ರ ಮೊಳಕೆಯನ್ನು ಹಸಿಯಾಗಿ ತಿನ್ನದೆ ಚೆನ್ನಾಗಿ ಬೇಯಿಸಿ ತಿನ್ನಬೇಕು. ಮೊಳಕೆಯ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. ನೆರೆನೀರು ನಿಂತು ಹೋದ ಹಿತ್ತಿಲಿನ ಟೊಮೆಟೊ, ಸೊಪ್ಪುಗಳನ್ನು ಚೆನ್ನಾಗಿ ತೊಳೆದಂತೆ ಕಂಡರೂ ಹಸಿಯಾಗಿ ಉಣ್ಣಬಾರದು. ಊರಿನ ಎಲ್ಲ ಕೊಳೆಯೂ ಆ ನೀರಿನಲ್ಲಿ ಹರಿದು ಬಂದಿರುತ್ತದೆ.

ಹೀಗಾಗಿ ನನ್ನ ಲೆಕ್ಕ ಇಷ್ಟು. ಮಳೆಗಾಲಕ್ಕೆ ಮುಂಚೆ ಪ್ರತಿ ಮನೆಯಲ್ಲಿಯೂ ಬಿಗಿಯಾದ ಡಬ್ಬಿಯೊಂದರಲ್ಲಿ ಒಂದು ಕಿಲೋ ಹೆಸರು, ಅರ್ಧ ಕಿಲೋ ಮೆಂತ್ಯ ತೆಗೆದಿಟ್ಟಿರಲಿ. ಊರು ಬಿಡಬೇಕಾಗಿ ಬಂದರೆ ಮಾತ್ರೆಯ ಚೀಟಿ, ತಾಯಿ ಕಾರ್ಡುಗಳೊಡನೆ ಅದೂ ಗಂಟಿಗೆ ಸೇರಲಿ. ಟೊಮೆಟೊ ಬಕೀಟು ನೆರೆ ಇಳಿದ ಮೇಲಿನದು, ಚೌತಿಯ ನಂತರದ್ದು, ಹಿತ್ತಿಲಿಲ್ಲದವರದು. ಮೊದಲ ವರ್ಷ ಒಂದೇ ಬಕೀಟು ಇಟ್ಟು ನೋಡಿರಿ. ಕೈ ಕುದುರಿದರೆ ಎರಡು ಮಾಡಿರಿ.

ಆ ಹೆಣ್ಣುಮಗಳಿಗೆ ಹೆಣ್ಣು ಕೂಸಾಯಿತು, ಸ್ವಲ್ಪ ಕಡಿಮೆ ತೂಕದ್ದು. ಈಗ ಅದು ಶಾಲೆಗೆ ಹೋಗುತ್ತಿದೆ. ಈ ಎರಡು ಬಕೀಟುಗಳಲ್ಲಿ ಒಂದು ಅವಳ ಮನೆಗೆ ಹೋಗತಕ್ಕದ್ದು. ಇನ್ನೊಂದನ್ನು ಅಂಗನವಾಡಿಯ ಕಿಟಕಿಯಲ್ಲಿ ಇಟ್ಟು ಹೋಗುತ್ತೇನೆ. ಈಗ ಒಬ್ಬೊಬ್ಬರಾಗಿ ಹತ್ತಿರ ಬಂದು ಮುಚ್ಚಳ ಎತ್ತಿ ಬೇರುಗಳನ್ನು ನೋಡಿರಿ, ಬೆಳ್ಳಗಿವೆ. ಬೀಡಿ ಕಟ್ಟಿ ಬಂದವರು ಕೈ ತೊಳೆದುಕೊಂಡು ಬನ್ನಿರಿ, ಬಾಗಿಲ ಬಳಿ ನೀರೂ ಸಾಬೂನೂ ಇವೆ. ನೋಡಿದವರು ಮುಚ್ಚಳವನ್ನು ಮರಳಿ ಬಿಗಿಯಾಗಿ ಹಾಕಬೇಕು.